ದಶಕಂಠನಿಗೆ ಎರಡೇ ತೋಳು

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರಾಜಾ ರವಿವರ್ಮನ ‘ಜಟಾಯು ವಧೆ’ಯಲ್ಲಿ ಕಣ್ಣು ಮೊದಲು ಹೋಗುವುದು ಎತ್ತಿದ ಖಡ್ಗಕ್ಕೆ, ಆಮೇಲೆ ಕಡಿದುಬಿದ್ದ ರೆಕ್ಕೆಗೆ, ಕೊನೆಗೆ ಮುಖ ಮುಚ್ಚಿಕೊಂಡ ಸೀತೆಗೆ. ಇಷ್ಟು ನೋಡಿಯೂ ಎಷ್ಟೋ ಮಂದಿ ಗಮನಿಸದ ಸಂಗತಿಯೊಂದಿದೆ: ಈ ದಶಕಂಠನಿಗೆ ಒಂದೇ ತಲೆ, ಎರಡೇ ತೋಳು. ವಾಲ್ಮೀಕಿಯ ಅರಣ್ಯಕಾಂಡದ ಲೆಕ್ಕವೇ ಬೇರೆ. ಅಲ್ಲಿ 60,000 ವರ್ಷದ ಮುದಿ ಹಕ್ಕಿ ರಾವಣನ ಬಿಲ್ಲು ಮುರಿದು, ಕತ್ತೆ ಹೂಡಿದ ರಥವನ್ನು ಪುಡಿಗಟ್ಟಿ, ಎಡಗಡೆಯ ಹತ್ತೂ ತೋಳುಗಳನ್ನು ಕಿತ್ತು ಹಾಕುತ್ತದೆ. ಕಿತ್ತಲ್ಲೇ ಅವು ಮತ್ತೆ ಮೂಡುತ್ತವೆ. ಚಿತ್ರಕಾರನಿಗೆ ಇದಕ್ಕಿಂತ ರಸವತ್ತಾದ ಸಾಮಗ್ರಿ ಬೇಕೆ? ರವಿವರ್ಮ ಅಷ್ಟನ್ನೂ ಕೈಬಿಟ್ಟ. ಚಿತ್ರದ ಕಸುವು ಇರುವುದೇ ಅಲ್ಲಿ ಎಂಬುದು ನನ್ನ ವಾದ. ಇಪ್ಪತ್ತು ತೋಳಿನವನ ಕೃತ್ಯವನ್ನು ಪುರಾಣವೆಂದು ದೂರವಿಡಬಹುದು. ಒಂದು ತೋಳಿನಲ್ಲಿ ಹೆಣ್ಣನ್ನು ಅವುಚಿಕೊಂಡು, ಇನ್ನೊಂದರಿಂದ ತಡೆಯಬಂದ ಮುದಿಜೀವವನ್ನು ಕಡಿಯುವವನು ನಮ್ಮ ನಡುವಿನ ಮನುಷ್ಯ.

ಇದೆಲ್ಲ ಯುರೋಪಿನಿಂದ ತಂದ ನಾಟಕೀಯತೆ ಎಂಬ ಆಕ್ಷೇಪ ಹಳೆಯದು. ರವಿವರ್ಮನಲ್ಲಿ ಭಾರತೀಯ ಭಾವವೇ ಇಲ್ಲವೆಂದು ಮೂಗು ಮುರಿದವರು ಕಲಾವಿಮರ್ಶಕ ಆನಂದ ಕುಮಾರಸ್ವಾಮಿ. ಅವರೂ ಸೋದರಿ ನಿವೇದಿತಾ ಅವರೂ ಸೇರಿ ರೂಪಿಸಿದ, 1913ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುರಾಣಕಥೆಗಳ ಪುಸ್ತಕಕ್ಕೆ ಇದೇ ಪ್ರಸಂಗವನ್ನು ಜಲವರ್ಣದಲ್ಲಿ ಬರೆದವರು ಅವನೀಂದ್ರನಾಥ ಟಾಗೋರರ ಶಿಷ್ಯ, ಮೈಸೂರಿನ ಕೆ. ವೆಂಕಟಪ್ಪ. ಅವರ ಊಟಿಯ ಬೆಟ್ಟಗಳಿಗೆ ನಾನು ಮನಸೋತವನೇ. ಆದರೆ ಜಟಾಯುವಿನ ವಿಷಯದಲ್ಲಿ ನನ್ನ ಒಲವು ರವಿವರ್ಮನ ಕಡೆಗೆ. ಎಣ್ಣೆಬಣ್ಣ, ಮೈಕಟ್ಟು, ನೆರಳು ಬೆಳಕು ಯುರೋಪಿನವು, ನಿಜ. ಎರಡು ತೋಳು ಮಾತ್ರ ನಮ್ಮವೇ. ಲೋಕಿಕೆರೆ, ಹರಿಹರದ ಕಡೆಯ ಓದುಗರಿಗೆ ದೊಡ್ಡಾಟದ ರಾವಣನನ್ನು ಪರಿಚಯಿಸಬೇಕಿಲ್ಲ: ಕಿರೀಟ, ಭುಜಕೀರ್ತಿ ಎಷ್ಟೇ ದೊಡ್ಡದಿರಲಿ, ಅಟ್ಟದ ಮೇಲೆ ಕುಣಿಯುವವನಿಗೆ ಎರಡೇ ಕೈ. ಸುಂದರಕಾಂಡದಲ್ಲಿ ಮಲಗಿದ ರಾವಣನನ್ನು ಹನುಮಂತ ಕಾಣುವಾಗ ವಾಲ್ಮೀಕಿಯೂ ಎರಡೇ ತೋಳುಗಳನ್ನು ವರ್ಣಿಸುತ್ತಾನೆ; ಹೆಚ್ಚಿನ ತಲೆ, ತೋಳುಗಳು ಯುದ್ಧಕಾಲಕ್ಕೆ ಮಾತ್ರ ಎಂದು ವ್ಯಾಖ್ಯಾನಕಾರರು ಸಮಾಧಾನ ಹೇಳಿದ್ದಾರೆ. ಅಂದರೆ ರವಿವರ್ಮ ಅಂತಃಪುರದ ರಾವಣನನ್ನೇ ಯುದ್ಧಕ್ಕೆ ತಂದು ನಿಲ್ಲಿಸಿದ.

ಜಟಾಯುವಿನ ಪರಾಕ್ರಮ ಇಲ್ಲಿ ಕಾಣಿಸುವುದಿಲ್ಲ, ಸೋಲಷ್ಟೇ ಕಾಣುತ್ತದೆ ಎಂಬ ಇನ್ನೊಂದು ದೂರು ಹೆಚ್ಚು ತೂಕದ್ದು. ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲದ ಶಿಲ್ಪಿ 8ನೇ ಶತಮಾನದಲ್ಲಿ ಕಾಳಗವನ್ನೇ ಕೆತ್ತಿದ. ಆದರೆ ಜಟಾಯು ದೊಡ್ಡವನಾದದ್ದು ಮುರಿದ ಬಿಲ್ಲುಗಳ ಎಣಿಕೆಯಿಂದಲ್ಲ, ಸೋಲು ಖಚಿತವೆಂದು ತಿಳಿದೂ ಅಡ್ಡ ಬಂದದ್ದರಿಂದ. ಆ ದೊಡ್ಡತನ ತೋರಿಸಲು ಕಡಿದ ರೆಕ್ಕೆಯೊಂದೇ ಸಾಕು.