ದೂರದ ಪಟ್ಟಿಯೊಳಗೆ ಅಡಗಿದ ಕೂಡುದಾರಿ

ನಮ್ಮ ಬೇರಿಕೆಯಿಂದಲೇ ಶುರು ಮಾಡ್ತೀನಿ. ಕೈಯಲ್ಲಿ ಊರೂರಿನ ನಡುವಿನ ದೂರದ ಪಟ್ಟಿ ಮಾತ್ರ ಇದೆ, ನಕ್ಷೆ ಇಲ್ಲ ಅಂದುಕೊಳ್ಳಿ. ಆ ದೂರಗಳೆಲ್ಲ ಸರಿಯಾಗಿ ಬರಬೇಕು, ಒಟ್ಟು ರಸ್ತೆ ಆದಷ್ಟು ಕಡಿಮೆ ಇರಬೇಕು. ಅಂಥ ಗ್ರಾಫ್ ಯಾವುದು? 1965ರಲ್ಲಿ ಹಕೀಮಿ ಮತ್ತು ಯೌ ಕೈಗೆತ್ತಿಕೊಂಡ ಪ್ರಶ್ನೆ ಇದು. ಇಲ್ಲಿನ ಅಂಕಿಗಳು ಲೆಕ್ಕಕ್ಕೆ ಇಟ್ಟುಕೊಂಡವು, ನಿಜವಾದ ಕಿಲೋಮೀಟರ್ ಅಲ್ಲ.

ಬೇರಿಕೆ–ಬಾಗಲೂರು 14, ಬೇರಿಕೆ–ಶೂಳಗಿರಿ 18, ಬಾಗಲೂರು–ಶೂಳಗಿರಿ 20. ಮೂರು ಗೆರೆ ಎಳೆದರೆ ಒಟ್ಟು 52. ನಡುವೆ ಒಂದು ಕೂಡುದಾರಿ ಇಟ್ಟು ನೋಡಿ: ಬೇರಿಕೆಗೆ 6, ಬಾಗಲೂರಿಗೆ 8, ಶೂಳಗಿರಿಗೆ 12. ದೂರಗಳು ಹಾಗೇ ಉಳಿದವು, ಒಟ್ಟು 26ಕ್ಕೆ ಇಳಿಯಿತು. ಸರಿಯಾಗಿ ಅರ್ಧ!

ಈಗ ಹೊಸೂರನ್ನು ಸೇರಿಸೋಣ: ಬಾಗಲೂರಿಗೆ 12, ಬೇರಿಕೆಗೆ 22, ಶೂಳಗಿರಿಗೆ 28. ನಾಲ್ಕು ಊರನ್ನು ಎರಡೆರಡಾಗಿ ಜೋಡಿಸಲು ಮೂರೇ ದಾರಿ. ಪ್ರತಿ ಸಲ ಎರಡು ಜೋಡಿಗಳ ದೂರ ಕೂಡಿಸಿದರೆ 30, 42, 42. ದೊಡ್ಡವೆರಡು ಸಮವಾದರೆ ಪಟ್ಟಿ ಮರವಾಗುತ್ತದೆ. ಆ ಮರವೇ ಅತಿ ಚಿಕ್ಕ ಗ್ರಾಫ್, ಅದು ಒಂದೇ. ಇಲ್ಲಿ ಒಟ್ಟು 36.

ಹೊಸೂರು–ಶೂಳಗಿರಿ ದೂರ ಮಾತ್ರ 24ಕ್ಕೆ ಇಳಿಯಿತು ಅನ್ನಿ. ಮೊತ್ತಗಳು 30, 38, 42. ಮರ ಮುರಿಯಿತು. ನಡುವೆ 6 ಮತ್ತು 2 ಅಳತೆಯ ಚೌಕಟ್ಟು ಬರುತ್ತದೆ. ಬೇರಿಕೆಯ ಕೊಂಬೆ 6, ಬಾಗಲೂರಿನದು 2, ಶೂಳಗಿರಿಯದು 10, ಹೊಸೂರಿನದು 8. ಒಟ್ಟು 42! ಒಂದು ದೂರ ಕಡಿಮೆಯಾದರೆ ಗ್ರಾಫೂ ಚಿಕ್ಕದಾಗಬೇಕು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಎರಡು ಬೇರೆ ಬೇರೆ ದಾರಿಗಳನ್ನು ಉಳಿಸಿಕೊಳ್ಳಲು ಹೆಚ್ಚು ಗೆರೆ ಬೇಕು.

ಊರುಗಳು ಹೆಚ್ಚಿದಂತೆ ಕಷ್ಟವೂ ಹೆಚ್ಚು. ಅತಿ ಚಿಕ್ಕ ಗ್ರಾಫ್ ಹುಡುಕುವುದು ಎನ್‌ಪಿ-ಕಠಿಣ ಎಂದು ಆಲ್ತೋಫರ್ 1988ರಲ್ಲಿ ತೋರಿಸಿದರು. ಉತ್ತರ ಒಂದೇ ಇರಬೇಕೆಂದೂ ಇಲ್ಲ.

ಒಬ್ಬರು ಕೇಳಿದರು: "ನಡುವಿನ ಆ ಚುಕ್ಕಿ ಯಾವ ಊರು?" ಯಾವ ಊರೂ ಅಲ್ಲ. ಪಟ್ಟಿಗೆ ಬೇಕಾದ ಚುಕ್ಕಿ ಅಷ್ಟೆ. ನೆಲದ ಮೇಲೆ ಅದು ಇರಲೇಬೇಕಿಲ್ಲ.

ಇದು ರಸ್ತೆಗೆ ಮಾತ್ರವಲ್ಲ. ನುಡಿಗಳ ನಡುವಿನ ದೂರ ಅಳೆದು ಮರ ಬರೆಯುವವರಿದ್ದಾರೆ. ಕನ್ನಡ, ತೆಲುಗು, ತಮಿಳು ಒಂದೇ ಸಂತೆಯಲ್ಲಿ ಓಡಾಡುವ ನಮ್ಮ ಸೀಮೆಯಲ್ಲಿ ಒಂದರ ಮಾತು ಇನ್ನೊಂದಕ್ಕೆ ಸೇರುತ್ತಲೇ ಇರುತ್ತದೆ. ಅಲ್ಲಿ ಮರ ಕೂಡದಿದ್ದರೆ ತಕ್ಷಣ ಅಳತೆ ತಪ್ಪು ಅನ್ನಬೇಡಿ. ಮೊದಲು ಆ ಮೂರು ಮೊತ್ತಗಳನ್ನು ಕೂಡಿಸಿ, ಚೌಕಟ್ಟು ಎಷ್ಟು ಅಗಲ ಅಂತ ನೋಡಿ.