ಮಲ್ಪೆಯ ತೇಲುಸೇತುವೆ: ಆಚೆ ದಡವಿಲ್ಲದ ನಡಿಗೆ

ಉಡುಪಿಯ ಅಂಬಲಪಾಡಿ ಬೈಪಾಸ್‌ನಿಂದ ಕರಾವಳಿ ಜಂಕ್ಷನ್, ಅಲ್ಲಿ ಎಡಕ್ಕೆ ತಿರುಗಿದರೆ ಆದಿಉಡುಪಿ, ಕಲ್ಮಾಡಿ, ಆಮೇಲೆ ಮಲ್ಪೆ. ಜಾತ್ರೆಯ ಜೈಂಟ್ ವೀಲ್ ಬಿಟ್ಟರೆ ನಮ್ಮ ಕಡೆಯ ಮಕ್ಕಳಿಗೆ ರೈಡ್ ಎಂದರೆ ಶಾಲಾ ಪ್ರವಾಸದಲ್ಲಿ ಕಂಡ ಬಿಡದಿಯ ವಂಡರ್‌ಲಾ. 2022ರ ಮೇ ಮೊದಲ ವಾರ ಮಲ್ಪೆ ಬೀಚಿನಲ್ಲಿ ತೇಲುವ ಸೇತುವೆ ತೆರೆದಾಗ ಜನ ಮುಗಿಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಕೇರಳದ ಬೇಪೂರಿನಲ್ಲಿ ಅಂಥದ್ದು ಅದಾಗಲೇ ಇತ್ತು. ಕರ್ನಾಟಕದ ಕಡಲಿಗೆ ಇದೇ ಮೊದಲು.

ಸುಮಾರು 100 ಮೀಟರ್ ಉದ್ದ, 3.5 ಮೀಟರ್ ಅಗಲ. ಕಂಬವಿಲ್ಲ, ಕಾಂಕ್ರೀಟಿಲ್ಲ. ಒಳಗೆ ಟೊಳ್ಳಾದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗಳ ಮೂಲೆಮೂಲೆಗೆ ಕಿವಿಗಳಿರುತ್ತವೆ. ಒಂದರ ಕಿವಿಯ ಮೇಲೆ ಇನ್ನೊಂದರದ್ದನ್ನು ಕೂರಿಸಿ ಪಿನ್ ಜಡಿದರೆ ಸೇತುವೆ ಬೆಳೆಯುತ್ತಾ ಹೋಗುತ್ತದೆ. ಎರಡೂ ಕಡೆ ಕೈಹಿಡಿ, ಕೊಚ್ಚಿಹೋಗದಂತೆ ಲಂಗರು. ಪ್ರತಿ ಕೂಡುಜಾಗವೂ ಸ್ವಲ್ಪ ಮಣಿಯುವುದರಿಂದ ತೆರೆ ಬಂದಾಗ ಇಡೀ ಸೇತುವೆ, ಒಣಹಾಕಿದ ಸೀರೆ ಗಾಳಿಗೆ ಆಡಿದಂತೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಅಲೆಯುತ್ತದೆ.

ಲೈಫ್ ಜಾಕೆಟ್ ಬಿಗಿದುಕೊಂಡು ಕಾಲಿಟ್ಟ ಕೂಡಲೇ ಗೊತ್ತಾಗುವುದು, ಇಲ್ಲಿ ಸುಮ್ಮನೆ ಕೂತು ಕಿರುಚುವ ಸೌಲಭ್ಯವಿಲ್ಲ ಎಂದು. ಪಾರ್ಕಿನ ಯಂತ್ರ ಬೆಳಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಅದೇ ಸುತ್ತು, ಅದೇ ವೇಗ ಬಡಿಸುತ್ತದೆ. ಇಲ್ಲಿ ಸ್ವಿಚ್ ಇರುವುದು ಕಡಲಿನ ಕೈಯಲ್ಲಿ. ಅರ್ಧ ಪಾಲು ನಮ್ಮ ಕೈಯಲ್ಲೂ ಇದೆಯೆನ್ನಿ: ಮುಂದಿನವರು ಹೆಜ್ಜೆ ಕುಟ್ಟಿದರೆ ಹಿಂದಿನವರ ಮೊಣಕಾಲು ಮಡಚುತ್ತದೆ, ನಾಲ್ಕು ಹುಡುಗರು ಒಟ್ಟಿಗೆ ಕುಪ್ಪಳಿಸಿದರೆ ಅಜ್ಜಿಯೊಬ್ಬರು ಕೈಹಿಡಿ ಅಪ್ಪಿಕೊಂಡು ತುಳುವಿನಲ್ಲಿ ಬಯ್ಯುತ್ತಾರೆ. ಇಂಟರ್‌ಆಕ್ಟಿವ್ ಎಂದು ಬೋರ್ಡು ಹಾಕಿಕೊಂಡ ಎಷ್ಟೋ ರೈಡುಗಳಿಗಿಂತ ಇದೇ ಆ ಹೆಸರಿಗೆ ಹೆಚ್ಚು ತಕ್ಕದ್ದು ಅನ್ನಿಸಿತು.

ಹೊಸಬರೆಲ್ಲ ಹೆದರುವುದು ತುದಿಯ ಬಗ್ಗೆ. ನಿಜಕ್ಕೂ ಹೆದರಬೇಕಾದದ್ದು ದಡದ ಹತ್ತಿರದ ಭಾಗಕ್ಕೆ. ತೆರೆ ದಡದತ್ತ ಬಂದಂತೆ ಕೆಳಗಿನ ಆಳ ಕಡಿಮೆಯಾಗಿ ಅದರ ಎತ್ತರ ಏರುತ್ತದೆ. ಎತ್ತರವು ಆಳದ ಸುಮಾರು ಮುಕ್ಕಾಲು ಭಾಗ ಮುಟ್ಟಿದಾಗ ಮಗುಚಿ ಒಡೆಯುತ್ತದೆ. ಸೇತುವೆಯನ್ನು ಜಗ್ಗಿ ಎತ್ತಿಹಾಕುವುದು ಆ ಒಡೆಯುವ ಪಟ್ಟಿ. ಅದನ್ನು ದಾಟಿದರೆ ತೆರೆ ಇನ್ನೂ ಒಡೆದಿರುವುದಿಲ್ಲ, ನಮ್ಮನ್ನು ಮೆಲ್ಲಗೆ ಎತ್ತಿ ಇಳಿಸಿ ಮುಂದೆ ಹೋಗುತ್ತದೆ. ತುದಿಯಲ್ಲಿ ನಿಂತು ಹಿಂತಿರುಗಿ ನೋಡಿದಾಗ ಮಲ್ಪೆಯ ತೆಂಗಿನ ಸಾಲು ತಾನೇ ಏರಿಳಿದಂತೆ ಕಾಣುತ್ತದೆ. ದಡದ ಮೇಲಿಂದ ಹತ್ತಾರು ವರ್ಷ ಇದೇ ಕಡಲನ್ನು ನೋಡಿದವರಿಗೂ ಈ ನೋಟ ಹೊಸದು. ಮೀನುಗಾರ ಮೊಗವೀರರಿಗೆ ಮಾತ್ರ ನಿತ್ಯದ್ದು.

ಆದರೆ ಕಡಲು ಯಾರ ಉದ್ಘಾಟನೆಯನ್ನೂ ಲೆಕ್ಕಕ್ಕೆ ಇಡುವುದಿಲ್ಲ. ಬಂಗಾಳ ಕೊಲ್ಲಿಯಲ್ಲಿ ಅಸಾನಿ ಚಂಡಮಾರುತ ಎದ್ದಿದ್ದ ದಿನಗಳವು. ತೆರೆದ ಕೆಲವೇ ದಿನಗಳಲ್ಲಿ ಸೇತುವೆಯ ಭಾಗಗಳು ತೆರೆಗಳ ಹೊಡೆತಕ್ಕೆ ಕಳಚಿದವು. ಟ್ರೋಲ್ ಮಾಡಿದವರೂ ಇದ್ದರು. ನನಗೆ ಅನ್ನಿಸಿದ್ದು, ತಪ್ಪು ಪೆಟ್ಟಿಗೆಗಳದ್ದಕ್ಕಿಂತ ಪಂಚಾಂಗದ್ದು. ಮೇ ತಿಂಗಳೆಂದರೆ ಕಡಲು ಮಗ್ಗುಲು ಬದಲಿಸುವ ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಯಾಂತ್ರಿಕ ಬೋಟುಗಳೇ ದಕ್ಕೆಯಲ್ಲಿ ಕಟ್ಟಿಹಾಕಿಕೊಂಡಿರುವಾಗ, ಆ ಮಳೆಗಾಲದ ಹೊಸ್ತಿಲಲ್ಲಿ ಆಟದ ಸೇತುವೆ ತೆರೆಯುವ ಆತುರವೇಕಿತ್ತು? 2024ರ ಮಾರ್ಚ್‌ನಲ್ಲಿ ಕೇರಳದ ವರ್ಕಲದಲ್ಲಿ ಇಂಥದ್ದೇ ಸೇತುವೆಯ ಮೇಲಿದ್ದವರನ್ನು ದೊಡ್ಡ ತೆರೆ ನೀರಿಗೆ ಕೆಡವಿ ಹಲವರು ಗಾಯಗೊಂಡ ಮೇಲಂತೂ ಈ ಪ್ರಶ್ನೆಗೆ ತೂಕ ಹೆಚ್ಚಾಗಿದೆ.

ಇಂಥ ಸೇತುವೆಗೆ ಹತ್ತುವುದಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ, ಬಿಸಿಲೇರುವ ಮುಂಚೆ ಹತ್ತಿ. ಸೂರ್ಯಾಸ್ತದ ಫೋಟೊಗೆಂದು ಸಂಜೆಯೇ ಹೋಗುವವರು ಸೂರ್ಯನಿಗಿಂತ ಹೆಚ್ಚು ಜನರನ್ನು ನೋಡಿ ಬರುತ್ತಾರೆ. ಕೆಂಪು ಬಾವುಟ ಕಂಡರೆ ಸಿಬ್ಬಂದಿಯೊಡನೆ ವಾದಕ್ಕಿಳಿಯದೆ ಮರಳಿನ ಮೇಲೆ ಚುರುಮುರಿ ತಿನ್ನಬಹುದು. ಮೊಬೈಲು ಜೇಬಿನಲ್ಲಿರಲಿ, ಕೈಹಿಡಿಗೆ ಎರಡೂ ಕೈ ಬೇಕಾಗುತ್ತದೆ.