ಯಂತ್ರದ ಉಸಿರಿಗೂ ಹದ ಬೇಕು

ಸಿರುಗುಪ್ಪದ ಭತ್ತದ ಗದ್ದೆಗಳಿಂದಲೋ ಕುರುಗೋಡಿನ ಹಳ್ಳಿಗಳಿಂದಲೋ ಉಸಿರು ಸೋತವರನ್ನು ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ಆಸ್ಪತ್ರೆಗೆ ಕರೆತಂದಾಗ, ‘ವೆಂಟಿಲೇಟರ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯವರ ಧೈರ್ಯ ಕುಸಿಯುತ್ತದೆ. ಯಂತ್ರಕ್ಕೆ ಹಾಕಿದರೆ ಮುಗಿಯಿತು ಎಂದು ಭಾವಿಸುವುದು ಸರಿಯಲ್ಲ. ವೆಂಟಿಲೇಟರ್ ರೋಗವನ್ನು ಗುಣಪಡಿಸದು. ಚಿಕಿತ್ಸೆ ಫಲಿಸುವವರೆಗೆ ಉಸಿರಾಟದ ಭಾರವನ್ನು ತಾನು ಹೊರುತ್ತದೆ.

ಆದರೆ ಗಾಳಿಯ ಪ್ರಮಾಣ ಹೆಚ್ಚಾದರೆ ಶ್ವಾಸಕೋಶಕ್ಕೇ ಘಾಸಿಯಾಗುತ್ತದೆ. ಆದುದರಿಂದ ವೈದ್ಯರು ಗಾಳಿ ಒಳಸೇರಿದ ಮೇಲೆ ಅರ್ಧ ಸೆಕೆಂಡಿನಷ್ಟು ಹೊತ್ತು ಅದನ್ನು ತಡೆಹಿಡಿದು ಒತ್ತಡವನ್ನು ಅಳೆಯುತ್ತಾರೆ. ಆಗಲೂ ಒತ್ತಡ ಏರಿಯೇ ಇದ್ದರೆ ಶ್ವಾಸಕೋಶವು ಬಿರುಸಾಗಿದೆ ಎಂದರ್ಥ. ಗಾಳಿ ನುಗ್ಗುವಾಗ ಮಾತ್ರ ಏರಿ, ತಡೆದಾಗ ಇಳಿದರೆ ಶ್ವಾಸನಾಳದಲ್ಲಿ ಕಫ ಕಟ್ಟಿರಬಹುದು, ಇಲ್ಲವೇ ನಾಳ ಕಿರಿದಾಗಿರಬಹುದು. ಕೀಟನಾಶಕ ದೇಹ ಸೇರಿದವರಲ್ಲಿ ಈ ಎರಡೂ ಉಂಟಾಗುತ್ತವೆ. ಜೊತೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ತಡೆದಾಗಿನ ಒತ್ತಡವು 30 ಸೆಂಟಿಮೀಟರ್ ನೀರಿನ ಮಟ್ಟವನ್ನು ಮೀರದಂತೆ ನೋಡಿಕೊಳ್ಳುವುದು ವಾಡಿಕೆ.

ಈ ಹದದ ಬೆಲೆಯನ್ನು 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿಕೊಟ್ಟಿತು. ಶ್ವಾಸಕೋಶಕ್ಕೆ ತೀವ್ರ ಹಾನಿಯಾದ 861 ರೋಗಿಗಳ ಪೈಕಿ, ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗೆ 12 ಮಿ.ಲೀ. ಗಾಳಿ ಪಡೆದವರಲ್ಲಿ ಶೇ. 39.8ರಷ್ಟು ಜನ ತೀರಿಕೊಂಡರೆ, 6 ಮಿ.ಲೀ. ಪಡೆದವರಲ್ಲಿ ಆ ಪ್ರಮಾಣ ಶೇ. 31ಕ್ಕೆ ಇಳಿಯಿತು.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ: ಔಷಧ ಸಿಂಪಡಿಸುವಾಗ ಮುಖವಸ್ತ್ರ, ಕೈಗವಸು ಧರಿಸಿರಿ. ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ. ಭಯದಿಂದ ಯಂತ್ರವನ್ನು ನಿರಾಕರಿಸುವ ಮುನ್ನ, ‘ಶ್ವಾಸಕೋಶ ಮೆತ್ತಗಾಗುತ್ತಿದೆಯೇ?’ ಎಂದು ವೈದ್ಯರನ್ನು ಕೇಳಿ ತಿಳಿಯಿರಿ.